ಅರವತ್ತು ಪೀಪಾಯಿಗಳ ಕಾವಲು: ಬಳಸಿದ ಅಣು ಇಂಧನದ ಖರ್ಚನ್ನು ಕೊಡುವವರು ಯಾರು?

ಅಮೆರಿಕದ ಈಶಾನ್ಯ ಮೂಲೆಯ ಮೇನ್ ರಾಜ್ಯದಲ್ಲಿ ವಿಸ್ಕ್ಯಾಸೆಟ್ ಎಂಬ ಚಿಕ್ಕ ಊರಿದೆ. ಅಲ್ಲಿ ಮೇನ್ ಯಾಂಕಿ ಎಂಬ ಅಣು ವಿದ್ಯುತ್ ಸ್ಥಾವರವಿತ್ತು. 1996ರ ಕೊನೆಗೆ ಅದು ಕರೆಂಟ್ ಕೊಡುವುದನ್ನು ನಿಲ್ಲಿಸಿತು. 2005ರ ಹೊತ್ತಿಗೆ ರಿಯಾಕ್ಟರಿನ ಗುಮ್ಮಟವನ್ನು ಕೆಡವಿ, ಅವಶೇಷಗಳನ್ನು ಸಾಗಿಸಿ, ನೆಲ ಸಮ ಮಾಡಿದ್ದಾಯಿತು. ಈಗ ಅಲ್ಲಿ ಉಳಿದಿರುವುದು ಕಾಂಕ್ರೀಟ್ ಹಾಸಿನ ಮೇಲೆ ಸಾಲಾಗಿ ನಿಂತ 64 ದೈತ್ಯ ಪೀಪಾಯಿಗಳು. ಅವುಗಳಲ್ಲಿ 60ರ ಒಳಗೆ ಆ ಸ್ಥಾವರ ತನ್ನ ಜೀವಮಾನದಲ್ಲಿ ಉರಿಸಿದ ಇಂಧನವಿದೆ. ಸುತ್ತ ಬೇಲಿ, ಕ್ಯಾಮೆರಾ, ಹಗಲೂ ರಾತ್ರಿ ಬಂದೂಕು ಹಿಡಿದ ಕಾವಲುಗಾರರು. ಒಂದೇ ಒಂದು ಯುನಿಟ್ ಕರೆಂಟ್ ಹುಟ್ಟದ ಈ ಜಾಗವನ್ನು ಕಾಯಲು ವರ್ಷಕ್ಕೆ ಸುಮಾರು 1 ಕೋಟಿ ಡಾಲರ್ ಖರ್ಚಾಗುತ್ತದೆ.

ಈ ಒಂದು ಕೋಟಿ ಡಾಲರನ್ನು ಕೊನೆಗೆ ಹೊರುವವರು ಅಮೆರಿಕದ ತೆರಿಗೆದಾರರು. ಮೇನ್ ಯಾಂಕಿಯ ಕರೆಂಟಿನಲ್ಲಿ ಒಂದು ದಿನವೂ ದೀಪ ಹಚ್ಚದ ಟೆಕ್ಸಾಸಿನ ರೈತನೂ ಅದರಲ್ಲಿ ಪಾಲು ಕೊಡುತ್ತಾನೆ. ಇನ್ನೊಂದು ಕಡೆ, ಆ ಕರೆಂಟ್ ಬಳಸಿದ ಜನ ಇದೇ ಇಂಧನದ ವಿಲೇವಾರಿಗೆಂದು ತಮ್ಮ ಬಿಲ್ಲಿನಲ್ಲಿ ಆಗಲೇ ದುಡ್ಡು ಕಟ್ಟಿಯಾಗಿದೆ. ಅಂದರೆ ಒಂದೇ ಕಸಕ್ಕೆ ಎರಡು ಸಲ ಹಣ ಹೋಗುತ್ತಿದೆ, ಕಸ ಮಾತ್ರ ಕದಲಿಲ್ಲ. ಅಣು ಇಂಧನದ ವಿಲೇವಾರಿ ದುಬಾರಿ ಎಂದು ನಾವೆಲ್ಲ ಕೇಳಿದ್ದೇವೆ. ಯಾವುದು ದುಬಾರಿ, ಯಾಕೆ ದುಬಾರಿ ಎಂಬುದನ್ನು ಬಿಡಿಸಿ ನೋಡಿದರೆ ಕಾಣುವ ಚಿತ್ರ ಬೇರೆ. ಅದನ್ನು ಬಿಡಿಸುವ ಪ್ರಯತ್ನ ಇದು.

ಮೊದಲು ವಸ್ತುವನ್ನೇ ನೋಡೋಣ. ರಿಯಾಕ್ಟರಿನ ಇಂಧನ ಎಂದರೆ ಯುರೇನಿಯಂ ಆಕ್ಸೈಡಿನ ಚಿಕ್ಕ ಚಿಕ್ಕ ಬಿಲ್ಲೆಗಳು. ಜೇಡಿಮಣ್ಣಿನ ಪಾತ್ರೆಯಂತೆ ಸುಟ್ಟು ಗಟ್ಟಿ ಮಾಡಿದ ಇವನ್ನು ಲೋಹದ ಕೊಳವೆಗಳಲ್ಲಿ ತುಂಬಿ, ಕೊಳವೆಗಳನ್ನು ಕಂತೆ ಕಟ್ಟಿರುತ್ತಾರೆ. ರಿಯಾಕ್ಟರಿನಿಂದ ಹೊರಬಂದಾಗಲೂ ಅದು ಗಟ್ಟಿ ಕಂತೆಯೇ. ಸೋರುವ ಹಸಿರು ದ್ರವ ಸಿನಿಮಾದಲ್ಲಿ ಮಾತ್ರ. ಆದರೆ ಒಳಗೆ ಯುರೇನಿಯಂ ಒಡೆದು ಹುಟ್ಟಿದ ಹೊಸ ಧಾತುಗಳು ಸೇರಿಕೊಂಡಿರುವುದರಿಂದ ಅದರ ಹತ್ತಿರ ಹೋದ ಮನುಷ್ಯ ಬದುಕಲಾರ. ಸಾಲದ್ದಕ್ಕೆ ಅದು ತನ್ನಷ್ಟಕ್ಕೆ ತಾನೇ ಬಿಸಿ ಉಗುಳುತ್ತಿರುತ್ತದೆ.

ಇದರ ಎರಡು ಗುಣಗಳು ಖರ್ಚಿನ ಲೆಕ್ಕವನ್ನೆಲ್ಲ ನಿರ್ಧರಿಸುತ್ತವೆ. ಒಂದು, ಅದು ತುಂಬಾ ಕಡಿಮೆ. ಅಮೆರಿಕದ ನೂರರ ಆಸುಪಾಸಿನ ರಿಯಾಕ್ಟರುಗಳು ಆರು ದಶಕಗಳಲ್ಲಿ ಉರಿಸಿದ್ದೆಲ್ಲ ಸೇರಿ 90,000 ಟನ್ ದಾಟಿದೆ. ಕೇಳಲು ದೊಡ್ಡದು, ಆದರೆ ಯುರೇನಿಯಂ ಮಹಾ ಭಾರದ ಲೋಹ, ಹಾಗಾಗಿ ಅಷ್ಟನ್ನೂ ಒಂದು ಫುಟ್‌ಬಾಲ್ ಮೈದಾನದಲ್ಲಿ ಒಟ್ಟಿದರೆ ಹತ್ತು ಗಜದ ಎತ್ತರವೂ ಆಗುವುದಿಲ್ಲ. ಕಲ್ಲಿದ್ದಲ ಸ್ಥಾವರದ ಬೂದಿಹೊಂಡ ಕಂಡವರಿಗೆ ಈ ಅಂತರ ಥಟ್ಟನೆ ಹೊಳೆದೀತು. ಇನ್ನೊಂದು ಗುಣ, ಅದು ತಣ್ಣಗಾಗುತ್ತಾ ಹೋಗುತ್ತದೆ. ರಿಯಾಕ್ಟರಿನಿಂದ ತೆಗೆದ ಗಳಿಗೆಯಲ್ಲಿ ಇದ್ದ ವಿಕಿರಣ ಮತ್ತು ಶಾಖ ನಲವತ್ತು ವರ್ಷದ ಮೇಲೆ ಸುಮಾರು ಸಾವಿರದ ಒಂದು ಪಾಲಿಗೆ ಇಳಿದಿರುತ್ತದೆ. ಮೊದಲ ವರ್ಷಗಳ ಇಳಿತ ಧಡಧಡ, ಆಮೇಲಿನದು ಆಮೆಯ ನಡಿಗೆ. ಪ್ಲುಟೋನಿಯಂನಂಥ ಧಾತುಗಳ ಕಾರಣಕ್ಕೆ ಬಾಲ ಮಾತ್ರ ಲಕ್ಷ ವರ್ಷದವರೆಗೆ ಎಳೆಯುತ್ತದೆ.

ಹಾಗಾಗಿ ಕಂತೆ ಮೊದಲ ಐದಾರು ವರ್ಷ, ಹಲವೆಡೆ ಅದಕ್ಕೂ ಹೆಚ್ಚು ಕಾಲ, ಸ್ಥಾವರದ ಒಳಗಿನ ಆಳವಾದ ನೀರಿನ ಕೊಳದಲ್ಲಿ ಮುಳುಗಿರುತ್ತದೆ. ನೀರು ಶಾಖವನ್ನೂ ಹೀರುತ್ತದೆ, ವಿಕಿರಣವನ್ನೂ ತಡೆಯುತ್ತದೆ. ಆಮೇಲೆ ಅದನ್ನು ಉಕ್ಕಿನ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಕಾಂಕ್ರೀಟಿನ ಪೀಪಾಯಿಯೊಳಗೆ ಇಳಿಸಿ ಬಯಲಿನಲ್ಲಿ ನಿಲ್ಲಿಸಬಹುದು. ಫ್ಯಾನು, ಪಂಪು ಏನೂ ಬೇಡ. ಬದಿಯ ಕಿಂಡಿಗಳಿಂದ ಗಾಳಿಯಾಡಿ ತಂಪಾಗುತ್ತದೆ. ವಿಸ್ಕ್ಯಾಸೆಟ್ಟಿನಲ್ಲಿ ನಿಂತಿರುವುದು ಇವೇ. ಒಂದು ಪೀಪಾಯಿಗೆ ಹತ್ತಿಪ್ಪತ್ತು ಲಕ್ಷ ಡಾಲರ್ ಬೀಳುತ್ತದೆ. ಸ್ಥಾವರ ನಡೆಯುತ್ತಿರುವಾಗ ಈ ಪೀಪಾಯಿಗಳ ಕಾವಲು ಅಂಥ ಹೊರೆಯಲ್ಲ, ಕಾವಲುಗಾರರು ಹೇಗೂ ಇರುತ್ತಾರೆ. ಸ್ಥಾವರ ಮುಚ್ಚಿದ ದಿನದಿಂದ ಪೀಪಾಯಿಗಳಿಗಾಗಿಯೇ ಕಾವಲು, ಪೀಪಾಯಿಗಳಿಗಾಗಿಯೇ ವಿಮೆ, ಪೀಪಾಯಿಗಳಿಗಾಗಿಯೇ ಲೈಸೆನ್ಸು. ಐದು ಪೀಪಾಯಿ ಇದ್ದರೂ ಅರವತ್ತು ಇದ್ದರೂ ಆ ಖರ್ಚಿನಲ್ಲಿ ಅಂಥ ವ್ಯತ್ಯಾಸವಾಗದು.

ಇದು ತಾತ್ಕಾಲಿಕ ಇಡುವಿಕೆ. ನಿಜವಾದ ವಿಲೇವಾರಿ ಎಂದರೆ ಮನುಷ್ಯನ ಕಾವಲೇ ಬೇಡದ ಹಾಗೆ ನೆಲದಾಳದಲ್ಲಿ ಹುಗಿಯುವುದು. ಬಳಸಿದ ಇಂಧನಕ್ಕೆಂದು ಅದನ್ನು ನಿಜಕ್ಕೂ ಕಟ್ಟಿ ನಿಲ್ಲಿಸಿದ ಮೊದಲ ದೇಶ ಫಿನ್‌ಲ್ಯಾಂಡ್.

ಫಿನ್‌ಲ್ಯಾಂಡಿನ ಪಶ್ಚಿಮ ಕರಾವಳಿಯ ಓಲ್ಕಿಲುವೊಟೊ ದ್ವೀಪದಲ್ಲಿ ಸುಮಾರು 190 ಕೋಟಿ ವರ್ಷ ಹಳೆಯ ಬಂಡೆಯನ್ನು ಕೊರೆದು, 400 ಮೀಟರಿಗೂ ಹೆಚ್ಚು ಆಳದಲ್ಲಿ ಸುರಂಗಗಳ ಜಾಲ ಮಾಡಿದ್ದಾರೆ. ಹೆಸರು ಓಂಕಲೊ, ಅಂದರೆ ಪೊಳ್ಳು, ಗುಹೆ. ಕೆಲಸ ಶುರುವಾದದ್ದು 2004ರಲ್ಲಿ. 2024ರ ಆಗಸ್ಟಿನಲ್ಲಿ ನಿಜ ಇಂಧನವಿಲ್ಲದೆ ಪೂರ್ತಿ ತಾಲೀಮು ಆರಂಭಿಸಿದರು. ವಿಧಾನ ಸ್ವೀಡನ್ನಿನವರು ರೂಪಿಸಿದ್ದು: ಇಂಧನದ ಕಂತೆಗಳನ್ನು ಎರಕದ ಕಬ್ಬಿಣದ ಅಚ್ಚಿನೊಳಗೆ ಇಳಿಸಿ, ಅದಕ್ಕೆ 5 ಸೆಂಟಿಮೀಟರ್ ದಪ್ಪದ ತಾಮ್ರದ ಕವಚ ತೊಡಿಸಿ ಬೆಸೆಯುವುದು, ಸುರಂಗದ ನೆಲದಲ್ಲಿ ಕೊರೆದ ಗುಂಡಿಯಲ್ಲಿ ಅದನ್ನು ನಿಲ್ಲಿಸಿ, ಸುತ್ತ ಬೆಂಟೊನೈಟ್ ಜೇಡಿ ತುಂಬುವುದು. ನೀರು ಸೋಕಿದರೆ ಈ ಜೇಡಿ ಉಬ್ಬಿ ಬಿಗಿದುಕೊಳ್ಳುತ್ತದೆ, ನೀರು ಒಳಗೆ ಹರಿಯಲು ಬಿಡುವುದಿಲ್ಲ. ತಾಮ್ರ ಯಾಕೆಂದರೆ, ಆಮ್ಲಜನಕವಿಲ್ಲದ ಆಳದ ನೀರಿನಲ್ಲಿ ಅದು ಸವೆಯುವುದು ಅತಿ ನಿಧಾನ. (ಸ್ವೀಡನ್ನಿನಲ್ಲಿ ಕೆಲವು ವಿಜ್ಞಾನಿಗಳು ಇದನ್ನೇ ಪ್ರಶ್ನಿಸಿ ವರ್ಷಗಟ್ಟಲೆ ವಾದ ನಡೆಯಿತು, ಅಲ್ಲಿನ ಸರ್ಕಾರ ಒಪ್ಪಿಗೆ ಕೊಟ್ಟದ್ದು 2022ರ ಜನವರಿಯಲ್ಲಿ.)

ಇಲ್ಲಿ ಶಾಖದ ಸಂಗತಿ ಮತ್ತೆ ಬರುತ್ತದೆ. ಜೇಡಿ ಹಾಳಾಗದಿರಲು ತಾಮ್ರದ ಡಬ್ಬಿಯ ಮೈಬಿಸಿ 100 ಡಿಗ್ರಿ ದಾಟಬಾರದು. ಇಂಧನ ಬಿಸಿಯಾಗಿದ್ದರೆ ಡಬ್ಬಿಗಳನ್ನು ದೂರ ದೂರ ಇಡಬೇಕು. ದೂರ ಇಟ್ಟಷ್ಟೂ ಸುರಂಗ ಉದ್ದ, ಸುರಂಗ ಉದ್ದವಾದಷ್ಟೂ ಖರ್ಚು. ನಾಲ್ಕು ದಶಕ ಕಾದರೆ ಅದೇ ಇಂಧನ ಕಡಿಮೆ ಜಾಗದಲ್ಲಿ ಹಿಡಿಸುತ್ತದೆ. ಆದ್ದರಿಂದ "ಇನ್ನೂ ಹುಗಿದಿಲ್ಲವೇ" ಎಂಬ ಪ್ರಶ್ನೆಗೆ ಎಂಜಿನಿಯರುಗಳು "ಅವಸರವಿಲ್ಲ" ಎನ್ನುವುದರಲ್ಲಿ ಸತ್ಯಾಂಶವಿದೆ. ಆ ಮಾತನ್ನು ಸೋಮಾರಿತನಕ್ಕೆ ಗುರಾಣಿಯಾಗಿ ಹಿಡಿದವರೂ ಇದ್ದಾರೆ, ಅದಕ್ಕೆ ಆಮೇಲೆ ಬರುತ್ತೇನೆ.

ಓಂಕಲೊ ಯೋಜನೆಯ ಒಟ್ಟು ಅಂದಾಜು ಸುಮಾರು 500 ಕೋಟಿ ಯೂರೋ. ಇದರಲ್ಲಿ ಕೊರೆಯುವುದು, ಡಬ್ಬಿ ಮಾಡುವುದು, ನೂರು ವರ್ಷದ ಉದ್ದಕ್ಕೂ ಇಂಧನ ಇಳಿಸುವುದು, 2120ರ ದಶಕದಲ್ಲಿ ಬಾಯಿ ಮುಚ್ಚುವುದು ಎಲ್ಲ ಸೇರಿದೆ. ಅಲ್ಲಿ ಹಿಡಿಸುವುದು 6,500 ಟನ್. ಭಾಗಿಸಿದರೆ ಟನ್ನಿಗೆ ಏಳೂವರೆ ಲಕ್ಷ ಯೂರೋ ಮೇಲೆ, ಕಿಲೋಗೆ ಸುಮಾರು 770 ಯೂರೋ. ಅಬ್ಬಾ ಎನಿಸುತ್ತದೆ. ಈಗ ಇನ್ನೊಂದು ಕಡೆಯ ಲೆಕ್ಕ: ಇವತ್ತಿನ ಸಾಮಾನ್ಯ ರಿಯಾಕ್ಟರಿನಲ್ಲಿ ಒಂದು ಕಿಲೋ ಇಂಧನ ಸುಮಾರು ಮೂರೂವರೆ ಲಕ್ಷ ಯುನಿಟ್ ಕರೆಂಟ್ ಕೊಟ್ಟಿರುತ್ತದೆ. 770 ಯೂರೋವನ್ನು ಮೂರೂವರೆ ಲಕ್ಷಕ್ಕೆ ಹಂಚಿದರೆ ಯುನಿಟ್ಟಿಗೆ ಕಾಲು ಸೆಂಟೂ ಬರುವುದಿಲ್ಲ. ನಮ್ಮ ಲೆಕ್ಕದಲ್ಲಿ ಸುಮಾರು ಇಪ್ಪತ್ತು ಪೈಸೆ. ನಮ್ಮ ಮನೆಯ ಬಿಲ್ಲಿನಲ್ಲಿ ಒಂದು ಯುನಿಟ್ಟಿಗೆ ನಾವು ಕೊಡುವುದರ ಪಕ್ಕದಲ್ಲಿ ಇಟ್ಟು ನೋಡಿ.

ಅಮೆರಿಕ ತನ್ನ ಹುಗಿಯುವ ಯೋಜನೆಗೆ 2008ರಲ್ಲಿ ಮಾಡಿದ ಅಂದಾಜು 9,620 ಕೋಟಿ ಡಾಲರ್. ಅದು 1983ರಿಂದ 2133ರವರೆಗಿನ ನೂರೈವತ್ತು ವರ್ಷದ ಖರ್ಚು, 1,22,100 ಟನ್ನಿಗೆ. ಟನ್ನಿಗೆ ಎಂಟು ಲಕ್ಷ ಡಾಲರಿನ ಒಳಗೆ. ಬೇರೆ ಬಂಡೆ, ಬೇರೆ ವಿನ್ಯಾಸ, ಬೇರೆ ಕಾಲದ ಹಣ, ಅದರಲ್ಲಿ ಸೇನೆಯ ತ್ಯಾಜ್ಯವೂ ಸೇರಿತ್ತು; ಒಂದಕ್ಕೊಂದು ನೇರ ಹೋಲಿಸಲಾಗದು. ಆದರೂ ಎರಡೂ ಅಂಕಿಗಳು ಒಂದೇ ಆಸುಪಾಸಿನಲ್ಲಿ ಬಂದು ನಿಲ್ಲುವುದು ಗಮನಿಸುವಂಥದ್ದು. ಹುಗಿಯುವ ಕೆಲಸ ಲೆಕ್ಕಕ್ಕೆ ಸಿಗದಷ್ಟು ದೊಡ್ಡದೇನಲ್ಲ ಎಂಬುದು ನನ್ನ ಅಭಿಪ್ರಾಯ.

ಹಾಗಿದ್ದರೆ ಇಷ್ಟೊಂದು ಗೊಂದಲ ಎಲ್ಲಿಂದ ಬಂತು? ಖರ್ಚು ಮಾಡುವ ದಿನಕ್ಕೂ ದುಡ್ಡು ಕೂಡಿಸುವ ದಿನಕ್ಕೂ ನಡುವೆ ಇರುವ ಅಂತರದಿಂದ. ಕರೆಂಟ್ ಮಾರಿ ಹಣ ಬರುವುದು ಇವತ್ತು. ಅದರ ಕಸ ಹುಗಿಯುವುದು ಐವತ್ತು, ನೂರು ವರ್ಷದ ಮೇಲೆ. ಅಷ್ಟರಲ್ಲಿ ಕಂಪನಿ ಇರುತ್ತದೋ ಇಲ್ಲವೋ. ಹಾಗಾಗಿ ಇವತ್ತೇ ಒಂದು ಇಡುಗಂಟು ತೆಗೆದಿಡಬೇಕು, ಅದು ಬಡ್ಡಿ ಸೇರಿ ಬೆಳೆದು ಅಂದಿನ ಖರ್ಚಿಗೆ ಒದಗಬೇಕು. ಈ ಬಡ್ಡಿ ಎಂಬ ಒಂದೇ ಅಂಕಿ ಇಡೀ ಲೆಕ್ಕವನ್ನು ಅಲ್ಲಾಡಿಸುತ್ತದೆ.

ನೂರು ವರ್ಷದ ನಂತರ ಬೇಕಾಗುವ 100 ರೂಪಾಯಿಗೆ ಇವತ್ತು ಎಷ್ಟು ತೆಗೆದಿಡಬೇಕು? ಬೆಲೆಯೇರಿಕೆ ಕಳೆದು ನಿಜವಾದ ಬಡ್ಡಿ ನೂರಕ್ಕೆ 4 ಎಂದು ಹಿಡಿದರೆ 2 ರೂಪಾಯಿ ಸಾಕು. 2 ಎಂದು ಹಿಡಿದರೆ ಸುಮಾರು 14 ರೂಪಾಯಿ. 1 ಎಂದರೆ 37 ರೂಪಾಯಿ. ಬಡ್ಡಿಯೇ ಹುಟ್ಟದಿದ್ದರೆ ಇಡೀ ನೂರು. ಗುಂಡಿಯ ಆಳ ಒಂದಡಿಯೂ ಬದಲಾಗಿಲ್ಲ, ತಾಮ್ರದ ಬೆಲೆ ಬದಲಾಗಿಲ್ಲ, ಆದರೂ ಇವತ್ತಿನ ಹೊರೆ ಐವತ್ತು ಪಟ್ಟು ಆಚೀಚೆ ಆಯಿತು. ಅಣು ವಿದ್ಯುತ್ತಿನ ಪರ ಇರುವವರು ಒಂದು ಬಡ್ಡಿ ಹಿಡಿಯುತ್ತಾರೆ, ವಿರೋಧಿಗಳು ಇನ್ನೊಂದು. ಇಬ್ಬರೂ ಸುಳ್ಳು ಹೇಳದೆಯೇ ಆಕಾಶ-ಭೂಮಿಯಷ್ಟು ಬೇರೆ ಅಂಕಿಗಳನ್ನು ನಮ್ಮ ಮುಂದಿಡಬಲ್ಲರು. ಮುಂದೆ ಎಲ್ಲಾದರೂ "ವಿಲೇವಾರಿಗೆ ಇಷ್ಟು ಸಾವಿರ ಕೋಟಿ" ಎಂಬ ಸುದ್ದಿ ಓದಿದರೆ, ಅದು ಯಾವ ವರ್ಷದ ಹಣ, ಎಷ್ಟು ಬಡ್ಡಿ ಹಿಡಿದದ್ದು ಎಂದು ಮೊದಲು ನೋಡಿ.

ಇದು ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಅಮೆರಿಕದ ನ್ಯಾಯಾಲಯದ ಒಂದು ಪ್ರಕರಣವಿದೆ. ಅದಕ್ಕೆ ಬರುವ ಮುನ್ನ ಅಲ್ಲಿನ ಕತೆಯ ಹಿನ್ನೆಲೆ ತಿಳಿಯಬೇಕು.

ಅಮೆರಿಕದ ಸಂಸತ್ತು 1982ರಲ್ಲಿ ಅಣು ತ್ಯಾಜ್ಯ ನೀತಿ ಕಾಯ್ದೆ ಮಾಡಿತು. 1983ರ ಜನವರಿಯಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿದರು. ಒಪ್ಪಂದ ಸರಳವಾಗಿತ್ತು. ಅಣು ವಿದ್ಯುತ್ತಿನ ಪ್ರತಿ ಯುನಿಟ್ಟಿಗೆ ಸೆಂಟಿನ ಹತ್ತನೇ ಒಂದು ಭಾಗವನ್ನು, ನಮ್ಮ ಇವತ್ತಿನ ಲೆಕ್ಕದಲ್ಲಿ ಎಂಟೊಂಬತ್ತು ಪೈಸೆಯನ್ನು, ಕಂಪನಿಗಳು ಸರ್ಕಾರದ ನಿಧಿಗೆ ಕಟ್ಟಬೇಕು. ಬದಲಿಗೆ 1998ರ ಜನವರಿ 31ರಿಂದ ಸರ್ಕಾರ ಇಂಧನವನ್ನು ಒಯ್ಯಲು ಶುರು ಮಾಡುತ್ತದೆ. ಕಂಪನಿಗಳು ಈ ಹಣವನ್ನು ಗ್ರಾಹಕರ ಬಿಲ್ಲಿಗೆ ಸೇರಿಸಿದವು. ಕರೆಂಟ್ ಬಳಸಿದವನೇ ಅದರ ಕಸದ ಹಣ ಕೊಡಲಿ ಎಂಬ ಈ ತತ್ವ ನನಗೆ ಇವತ್ತಿಗೂ ಸರಿ ಎನಿಸುತ್ತದೆ. ತಪ್ಪಾದದ್ದು ಮುಂದಿನ ಹೆಜ್ಜೆಗಳಲ್ಲಿ.

ಹುಗಿಯಲು ಮೂರು ಜಾಗಗಳು ಅಂತಿಮ ಪಟ್ಟಿಯಲ್ಲಿದ್ದವು: ಟೆಕ್ಸಾಸ್, ವಾಷಿಂಗ್ಟನ್ ರಾಜ್ಯ, ನೆವಾಡ. ಮೂರನ್ನೂ ಕೊರೆದು, ಪರೀಕ್ಷಿಸಿ, ಉತ್ತಮವಾದುದನ್ನು ಆರಿಸಬೇಕೆಂದಿತ್ತು. 1987ರಲ್ಲಿ ಸಂಸತ್ತು ಕಾಯ್ದೆ ತಿದ್ದಿ, ಉಳಿದೆರಡನ್ನು ಕೈಬಿಟ್ಟು, ನೆವಾಡದ ಯುಕ್ಕಾ ಬೆಟ್ಟವೊಂದನ್ನೇ ಪರೀಕ್ಷಿಸಿ ಎಂದಿತು. ಆಗ ಕೆಳಮನೆಯ ಸ್ಪೀಕರ್ ಟೆಕ್ಸಾಸಿನ ಜಿಮ್ ರೈಟ್. ಬಹುಮತದ ನಾಯಕ ವಾಷಿಂಗ್ಟನ್ ರಾಜ್ಯದ ಟಾಮ್ ಫೋಲಿ. ನೆವಾಡದ ಹ್ಯಾರಿ ರೀಡ್ ಆಗಷ್ಟೇ ಸೆನೆಟ್ಟಿಗೆ ಕಾಲಿಟ್ಟ ಹೊಸಬ. ನೆವಾಡದಲ್ಲಿ ಒಂದೂ ಅಣು ವಿದ್ಯುತ್ ಸ್ಥಾವರವಿರಲಿಲ್ಲ. ಅದರ ಮರುಭೂಮಿಯಲ್ಲಿ ಅಣುಬಾಂಬಿನ ನೂರಾರು ಪರೀಕ್ಷೆಗಳು ಮಾತ್ರ ನಡೆದಿದ್ದವು. "ನೀವು ಬೆಳಕು ಉಂಡಿರಿ, ಬೂದಿ ನಮಗೆ ಯಾಕೆ" ಎಂಬ ಭಾವ ಅಲ್ಲಿನ ಜನರಲ್ಲಿ ಬೇರೂರಿತು. ಪಶ್ಚಿಮ ಶೊಶೋನಿ ಮೂಲನಿವಾಸಿಗಳಿಗೆ ಆ ಬೆಟ್ಟ ತಮ್ಮ ಪೂರ್ವಿಕರ ನೆಲವಾಗಿತ್ತು, ಅವರನ್ನು ಯಾರೂ ಕೇಳಲೇ ಇಲ್ಲ.

ಇಪ್ಪತ್ತು ವರ್ಷ ಕಳೆಯಿತು. ಬೆಟ್ಟದೊಳಗೆ ಸುರಂಗ ಕೊರೆದು ಅಧ್ಯಯನ ನಡೆಯಿತು, 2008ರಲ್ಲಿ ಲೈಸೆನ್ಸಿಗೆ ಅರ್ಜಿ ಹೋಯಿತು. ಅಷ್ಟರಲ್ಲಿ ಆ ಹೊಸಬ ಹ್ಯಾರಿ ರೀಡ್ ಸೆನೆಟ್ಟಿನ ಬಹುಮತದ ನಾಯಕರಾಗಿದ್ದರು. 2010ರಲ್ಲಿ ಒಬಾಮಾ ಸರ್ಕಾರ ಅರ್ಜಿಯನ್ನು ಹಿಂದಕ್ಕೆ ಪಡೆಯಲು ಮುಂದಾಯಿತು, ಸಂಸತ್ತು ಹಣ ಕೊಡುವುದನ್ನು ನಿಲ್ಲಿಸಿತು. ಸುಮಾರು 1,500 ಕೋಟಿ ಡಾಲರ್ ಖರ್ಚಾದ ಮೇಲೆ ಯುಕ್ಕಾ ಬೆಟ್ಟದ ಬಾಗಿಲಿಗೆ ಬೀಗ ಬಿತ್ತು. ಒಂದು ಗ್ರಾಂ ಇಂಧನವೂ ಅಲ್ಲಿಗೆ ಹೋಗಲಿಲ್ಲ.

ಈ ನಡುವೆ 1998ರ ಗಡುವು ಬಂದು ಹೋಗಿತ್ತು. ಸರ್ಕಾರ ಇಂಧನ ಒಯ್ಯಲಿಲ್ಲ. ಕಂಪನಿಗಳು ಒಂದೊಂದಾಗಿ ಕೋರ್ಟಿಗೆ ಹೋದವು. ಕರಾರು ಮುರಿದದ್ದು ಸರ್ಕಾರ ಎಂದು ಕೋರ್ಟುಗಳು ಒಪ್ಪಿದವು. ಅಂದಿನಿಂದ ಪೀಪಾಯಿಗಳ ಖರ್ಚನ್ನು, ಕಾವಲಿನ ಖರ್ಚನ್ನು ಸರ್ಕಾರ ಪರಿಹಾರವಾಗಿ ಕೊಡುತ್ತಲೇ ಇದೆ. ಈವರೆಗೆ ಅದು 1,000 ಕೋಟಿ ಡಾಲರ್ ದಾಟಿದೆ. ಈ ಪರಿಹಾರಕ್ಕೆ ತ್ಯಾಜ್ಯ ನಿಧಿಯನ್ನು ಮುಟ್ಟುವಂತಿಲ್ಲ ಎಂದೂ ಕೋರ್ಟ್ ಹೇಳಿದೆ, ಆ ನಿಧಿ ವಿಲೇವಾರಿಗೆ ಮಾತ್ರ. ಹಾಗಾಗಿ ಪರಿಹಾರ ಸಾಮಾನ್ಯ ಖಜಾನೆಯಿಂದ, ಅಂದರೆ ಎಲ್ಲ ತೆರಿಗೆದಾರರಿಂದ ಹೋಗುತ್ತದೆ. ವಿಸ್ಕ್ಯಾಸೆಟ್ಟಿನ ವಾರ್ಷಿಕ ಒಂದು ಕೋಟಿ ಡಾಲರಿನ ಮೂಲ ಇದು.

ನಿಧಿಯ ಗತಿ ಏನಾಯಿತು? ಗ್ರಾಹಕರು ಕಟ್ಟಿದ್ದು, ಅದಕ್ಕೆ ಸೇರಿದ ಬಡ್ಡಿ ಎಲ್ಲ ಸೇರಿ ಇವತ್ತು 4,000 ಕೋಟಿ ಡಾಲರಿಗೂ ಹೆಚ್ಚು ಇದೆ ಎಂದು ಪುಸ್ತಕದಲ್ಲಿ ಬರೆದಿದೆ. ಆದರೆ ಆ ಹಣ ಸರ್ಕಾರದ ಸಾಲಪತ್ರಗಳ ರೂಪದಲ್ಲಿದೆ: ಸರ್ಕಾರ ತನಗೆ ತಾನೇ ಕೊಡಬೇಕಾದ ಸಾಲ. ಅದರಿಂದ ಒಂದು ಡಾಲರ್ ತೆಗೆಯಬೇಕಾದರೂ ಸಂಸತ್ತು ಆ ವರ್ಷದ ಬಜೆಟ್ಟಿನಲ್ಲಿ ಮಂಜೂರು ಮಾಡಬೇಕು. ಅಪ್ಪ ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು ಮನೆಖರ್ಚಿಗೆ ತೆಗೆದುಕೊಂಡು, ಪೆಟ್ಟಿಗೆಯಲ್ಲಿ "ಕೊಡುತ್ತೇನೆ" ಎಂದು ಚೀಟಿ ಬರೆದಿಟ್ಟ ಹಾಗೆ. ಅಪ್ಪ ಪ್ರಾಮಾಣಿಕನೇ ಇರಬಹುದು. ಮದುವೆಯ ದಿನ ಅವನು ಹೊಸದಾಗಿ ಹಣ ಹೊಂದಿಸಲೇಬೇಕು.

ಈಗ ಆ ಪ್ರಕರಣ. ಹುಗಿಯುವ ಜಾಗವೇ ಇಲ್ಲವೆಂದ ಮೇಲೆ ನಾವು ವರ್ಷಕ್ಕೆ ಸುಮಾರು 75 ಕೋಟಿ ಡಾಲರ್ ಯಾಕೆ ಕಟ್ಟಬೇಕು ಎಂದು ಕಂಪನಿಗಳೂ ರಾಜ್ಯಗಳ ನಿಯಂತ್ರಕರೂ ಕೇಳಿದರು. ಶುಲ್ಕ ಸರಿಯಾಗಿದೆ ಎಂದು ತೋರಿಸಲು ಇಂಧನ ಇಲಾಖೆ ಒಂದು ವರದಿ ಸಲ್ಲಿಸಿತು. ಬೇರೆ ಬೇರೆ ಬಡ್ಡಿ, ಬೇರೆ ಬೇರೆ ಬೆಲೆಯೇರಿಕೆ, ಬೇರೆ ಬೇರೆ ಕಾಲಾವಧಿ ಹಿಡಿದು ಲೆಕ್ಕ ಹಾಕಿದಾಗ ನಿಧಿಯಲ್ಲಿ ಕೊನೆಗೆ ಉಳಿಯುವುದೆಷ್ಟು ಎಂಬುದಕ್ಕೆ ವರದಿ ಕೊಟ್ಟ ಉತ್ತರ: 2 ಲಕ್ಷ ಕೋಟಿ ಡಾಲರ್ ಕೊರತೆಯಿಂದ ಹಿಡಿದು 4.9 ಲಕ್ಷ ಕೋಟಿ ಡಾಲರ್ ಮಿಗುತಾಯದವರೆಗೆ ಏನು ಬೇಕಾದರೂ ಆಗಬಹುದು. ಇಂಥ ಅಂದಾಜಿನಿಂದ ಯಾವ ತೀರ್ಮಾನವೂ ಸಾಧ್ಯವಿಲ್ಲವೆಂದು 2013ರ ನವೆಂಬರಿನಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. 2014ರ ಮೇ ತಿಂಗಳಿನಿಂದ ಶುಲ್ಕ ಸೊನ್ನೆ. ಅಂದರೆ ಅಲ್ಲಿಂದೀಚೆಗೆ ಅಮೆರಿಕದಲ್ಲಿ ಉರಿಯುತ್ತಿರುವ ಇಂಧನದ ವಿಲೇವಾರಿಗೆ ಅದರ ಕರೆಂಟ್ ಬಳಸುವವರು ಬಿಡಿಗಾಸನ್ನೂ ಕಟ್ಟುತ್ತಿಲ್ಲ. ವರ್ಷಕ್ಕೆ ಸುಮಾರು 2,000 ಟನ್ ಹೊಸದಾಗಿ ಸೇರುತ್ತಲೇ ಇದೆ.

ಫಿನ್‌ಲ್ಯಾಂಡ್ ಇದನ್ನು ಹೇಗೆ ನಿಭಾಯಿಸಿತು ಎಂಬುದನ್ನು ತಾಮ್ರ-ಜೇಡಿಗಳ ಆಚೆಗೆ ನೋಡಬೇಕು. 1988ರಲ್ಲಿ ಅಲ್ಲಿ ಸರ್ಕಾರಿ ಬಜೆಟ್ಟಿನಿಂದ ಹೊರಗಿರುವ ಒಂದು ನಿಧಿ ಸ್ಥಾಪಿಸಿದರು. ಇವತ್ತೇ ಸ್ಥಾವರ ಮುಚ್ಚಿದರೆ ಈಗಿರುವ ಕಸಕ್ಕೆ ಒಟ್ಟು ಎಷ್ಟು ಬೇಕು ಎಂದು ಲೆಕ್ಕ ಹಾಕಿ, ಅಷ್ಟು ಹಣ ನಿಧಿಯಲ್ಲಿ ಇರುವಂತೆ ನೋಡಿಕೊಳ್ಳುತ್ತಾರೆ. ಅದು 250 ಕೋಟಿ ಯೂರೋ ಮೀರಿದೆ. ಈ ಲೆಕ್ಕಕ್ಕೆ ದೂರದ ಬಡ್ಡಿಯ ಊಹೆಯ ಹಂಗಿಲ್ಲ ಎಂಬುದೇ ಅದರ ಬಲ. ಕಂಪನಿಗಳು ಭದ್ರತೆ ಕೊಟ್ಟು ಅದರಲ್ಲಿ ದೊಡ್ಡ ಪಾಲನ್ನು ಮರಳಿ ಸಾಲವಾಗಿ ಪಡೆಯಬಹುದಾದ್ದರಿಂದ ಅವೂ ಗೊಣಗಲಿಲ್ಲ. 1994ರಲ್ಲಿ ಇನ್ನೊಂದು ಕಾನೂನು ಬಂತು: ದೇಶದ ಅಣು ತ್ಯಾಜ್ಯ ದೇಶದೊಳಗೇ ವಿಲೇವಾರಿಯಾಗಬೇಕು, ಹೊರಗಿನದು ಒಳಗೆ ಬರಬಾರದು. ಅಲ್ಲಿಯವರೆಗೆ ಒಂದು ಸ್ಥಾವರದ ಇಂಧನ ರಷ್ಯಾಕ್ಕೆ ಹೋಗುತ್ತಿತ್ತು. ತಪ್ಪಿಸಿಕೊಳ್ಳುವ ದಾರಿ ಮುಚ್ಚಿದ್ದೇ ಕೆಲಸ ಚುರುಕಾಯಿತು.

ಮೂರನೆಯದು, ಊರಿನ ಮಾತು. ಫಿನ್‌ಲ್ಯಾಂಡಿನ ಕಾನೂನಿನಲ್ಲಿ ಸ್ಥಳೀಯ ಆಡಳಿತ ಬೇಡ ಎಂದರೆ ಮುಗಿಯಿತು. ಸಂಸತ್ತೂ ಅದನ್ನು ಮೀರುವಂತಿಲ್ಲ. ಓಲ್ಕಿಲುವೊಟೊ ಇರುವ ಎವ್ರಯೋಕಿ ಊರಿನ ಸಭೆ 2000ದ ಜನವರಿಯಲ್ಲಿ 20ಕ್ಕೆ 7 ಮತಗಳಿಂದ ಒಪ್ಪಿತು. ಮರುವರ್ಷ ಸಂಸತ್ತು 159ಕ್ಕೆ 3ರಿಂದ ಒಪ್ಪಿತು. ಊರಿಗೆ ತೆರಿಗೆ ಆದಾಯ ಸಿಕ್ಕಿತು. ವೃದ್ಧಾಶ್ರಮವಿದ್ದ ಹಳೆಯ ಬಂಗಲೆಯನ್ನು ಓಂಕಲೊ ಕಟ್ಟುವ ಪೊಸಿವಾ ಕಂಪನಿ ಬಾಡಿಗೆಗೆ ಹಿಡಿದು, ವೃದ್ಧರಿಗೆ ಹೊಸ ಕಟ್ಟಡಕ್ಕೆ ಹಣ ಒದಗಿಸಿತು. ಇದನ್ನು ಲಂಚ ಎಂದವರೂ ಇದ್ದರು. ಬೇಡ ಎನ್ನುವ ಹಕ್ಕು ಕೈಯಲ್ಲಿದ್ದು ಪಡೆದದ್ದಕ್ಕೂ, ಹೇರಿದ ಮೇಲೆ ಸಮಾಧಾನಕ್ಕೆ ಎಸೆದದ್ದಕ್ಕೂ ಬಹಳ ವ್ಯತ್ಯಾಸವಿದೆ ಎಂದು ನಾನು ನಂಬುತ್ತೇನೆ.

ಎಲ್ಲ ದೇಶಗಳೂ ಹೀಗೆ ಮಾಡಲಿಲ್ಲ. ಫ್ರಾನ್ಸಿನಲ್ಲಿ ಬ್ಯೂರ್ ಎಂಬಲ್ಲಿನ ಯೋಜನೆಗೆ 2005ರಲ್ಲಿ 1,350ರಿಂದ 1,650 ಕೋಟಿ ಯೂರೋ ಅಂದಾಜಿತ್ತು. ಆಮೇಲೆ ತ್ಯಾಜ್ಯ ಸಂಸ್ಥೆ ಸುಮಾರು 3,450 ಕೋಟಿ ಎಂದಿತು, ಹಣ ಕೊಡಬೇಕಾದ ಕಂಪನಿಗಳು ಅಷ್ಟಿಲ್ಲ ಎಂದವು. 2016ರ ಜನವರಿಯಲ್ಲಿ ಸಚಿವೆ ಸೆಗೊಲೆನ್ ರೊಯಾಲ್ ಆದೇಶ ಹೊರಡಿಸಿ 2,500 ಕೋಟಿ ಎಂದು ನಿಗದಿ ಮಾಡಿದರು. ಗುಂಡಿಯ ಬೆಲೆಯನ್ನು ಸರ್ಕಾರಿ ಆದೇಶ ತೀರ್ಮಾನಿಸಿತು. ಜರ್ಮನಿ ಬೇರೆ ದಾರಿ ಹಿಡಿಯಿತು: 2017ರಲ್ಲಿ ಕಂಪನಿಗಳು ಒಂದೇ ಸಲಕ್ಕೆ ಸುಮಾರು 2,400 ಕೋಟಿ ಯೂರೋ ಸರ್ಕಾರಿ ನಿಧಿಗೆ ಕಟ್ಟಿ ಕೈತೊಳೆದುಕೊಂಡವು, ಇನ್ನು ಮುಂದೆ ಖರ್ಚು ಹೆಚ್ಚಾದರೆ ಜನರ ತಲೆಗೆ. 2031ರೊಳಗೆ ಜಾಗ ಆರಿಸುತ್ತೇವೆ ಎಂದಿದ್ದವರು 2022ರಲ್ಲಿ, 2046ಕ್ಕೆ ಮೊದಲು ಆಗದು ಎಂದರು. ಗುಂಡಿ ತೋಡುವ ಖರ್ಚಿಗಿಂತ, ತೋಡದೆ ಕಳೆಯುವ ದಶಕಗಳ ಖರ್ಚು ಇಲ್ಲೆಲ್ಲ ಬೆಳೆಯುತ್ತಾ ಹೋಗುವುದನ್ನು ಕಾಣಬಹುದು. "ಅವಸರವಿಲ್ಲ" ಎಂಬ ಮಾತು ಸುಳ್ಳಾಗುವುದು ಇಲ್ಲಿಯೇ. ಇಂಧನ ತಣಿಯಲು ಕಾಯುವುದು ಬೇರೆ, ಯಾರೂ ತೀರ್ಮಾನ ಮಾಡದೆ ಕಾಯುವುದು ಬೇರೆ.

ನಮ್ಮ ಕೈಗಾದತ್ತ ಬರೋಣ. ಕಾಳಿ ನದಿಯ ದಂಡೆಯಲ್ಲಿ 220 ಮೆಗಾವಾಟಿನ ನಾಲ್ಕು ರಿಯಾಕ್ಟರುಗಳಿವೆ, 700 ಮೆಗಾವಾಟಿನ ಇನ್ನೆರಡು ಬರಲಿವೆ. ಇವು ಭಾರಜಲದ ರಿಯಾಕ್ಟರುಗಳು. ಓಡುತ್ತಿರುವಾಗಲೇ ಇಂಧನ ಬದಲಿಸಬಹುದು. ಅದರಿಂದಾಗಿಯೇ ಮೊದಲನೇ ಘಟಕ 2018ರ ಡಿಸೆಂಬರಿನವರೆಗೆ 962 ದಿನ ಒಂದೇ ಸಮನೆ ಓಡಿ ಆಗಿನ ವಿಶ್ವದಾಖಲೆ ಬರೆಯಿತು. ಇಲ್ಲಿನ ಇಂಧನದ ಕಂತೆ ಸುಮಾರು ಮೊಳದುದ್ದ, 19 ಕೊಳವೆ, ಒಳಗೆ ಸುಮಾರು 15 ಕಿಲೋ ಯುರೇನಿಯಂ ಆಕ್ಸೈಡ್. ಅಷ್ಟು ಚಿಕ್ಕ ಕಂತೆ ಸುಮಾರು 7 ಲಕ್ಷ ಯುನಿಟ್ ಕರೆಂಟ್ ಕೊಡುತ್ತದೆ. ತಿಂಗಳಿಗೆ ನೂರು ಯುನಿಟ್ ಬಳಸುವ ಆರುನೂರು ಮನೆಗಳಿಗೆ ಒಂದು ವರ್ಷಕ್ಕೆ ಸಾಕು. ಆದರೆ ಇಲ್ಲಿ ಬಳಸುವುದು ಸಂವರ್ಧನೆ ಮಾಡದ, ಅಂದರೆ ಸುಲಭವಾಗಿ ಒಡೆಯುವ ಅಂಶವನ್ನು ಹೆಚ್ಚಿಸದ ಯುರೇನಿಯಂ ಆದ್ದರಿಂದ, ಕಿಲೋಗೆ ಸಿಗುವ ಕರೆಂಟ್ ಅಮೆರಿಕದ ರಿಯಾಕ್ಟರುಗಳ ಏಳನೇ ಒಂದು ಭಾಗದಷ್ಟು. ಅಂದರೆ ಅಷ್ಟೇ ಕರೆಂಟಿಗೆ ಏಳು ಪಟ್ಟು ಹೆಚ್ಚು ತೂಕದ ಬಳಸಿದ ಇಂಧನ. ಕಂತೆಯ ಬಿಸಿ ಕಡಿಮೆ ಇರುತ್ತದೆ, ತೂಕ ಹೆಚ್ಚು.

ಭಾರತ ಇದನ್ನು ಕಸ ಎಂದು ಕರೆಯುವುದಿಲ್ಲ. ಬಳಸಿದ ಕಂತೆಯಲ್ಲಿ ನೂರಕ್ಕೆ ತೊಂಬತ್ತೆಂಟಕ್ಕಿಂತ ಹೆಚ್ಚು ಯುರೇನಿಯಮ್ಮೇ ಇರುತ್ತದೆ, ಒಂದಿಷ್ಟು ಪ್ಲುಟೋನಿಯಂ ಹುಟ್ಟಿರುತ್ತದೆ. ಅದನ್ನು ಆಮ್ಲದಲ್ಲಿ ಕರಗಿಸಿ ಬೇರ್ಪಡಿಸಿ, ಪ್ಲುಟೋನಿಯಮ್ಮನ್ನು ಮುಂದಿನ ಹಂತದ ರಿಯಾಕ್ಟರುಗಳಿಗೆ ಬಳಸುವುದು ಹೋಮಿ ಭಾಭಾ ಕಾಲದಿಂದ ಬಂದ ಯೋಜನೆ. ಟ್ರಾಂಬೆ, ತಾರಾಪುರ, ಕಲ್ಪಾಕ್ಕಂಗಳಲ್ಲಿ ಈ ಕೆಲಸ ನಡೆಯುತ್ತದೆ. ಕೊನೆಗೆ ಉಳಿಯುವ ಉಗ್ರ ವಿಕಿರಣದ ದ್ರವವನ್ನು ಗಾಜಿನೊಂದಿಗೆ ಕರಗಿಸಿ, ಉಕ್ಕಿನ ಡಬ್ಬಿಗೆ ಸುರಿದು ಗಟ್ಟಿ ಮಾಡುತ್ತಾರೆ. ಗಾಜಿನ ಡಬ್ಬಿಗಳು ಗಾಳಿಯಾಡುವ ಮಾಳಿಗೆಗಳಲ್ಲಿ ದಶಕಗಳ ಕಾಲ ತಣಿಯುತ್ತವೆ. ಗಾತ್ರ ಬಹಳ ಕುಗ್ಗುತ್ತದೆ, ಅದು ದೊಡ್ಡ ಲಾಭ. ಆದರೆ ಬೇರ್ಪಡಿಸುವ ಕಾರ್ಖಾನೆಗಳೇ ದುಬಾರಿ, ಗಾಜಿಗೂ ಕೊನೆಗೊಂದು ಆಳದ ಗುಂಡಿ ಬೇಕೇ ಬೇಕು.

ಕೈಗಾದ ಪ್ರತಿ ಯುನಿಟ್ ದರದಲ್ಲಿ 2 ಪೈಸೆ ಸ್ಥಾವರವನ್ನು ಮುಂದೊಂದು ದಿನ ಕಳಚುವ ಖರ್ಚಿಗೆ ಮೀಸಲು. ಅದು ಇಂಧನದ ವಿಲೇವಾರಿಗಲ್ಲ. ಬಳಸಿದ ಇಂಧನದ ಒಡೆತನ ಸರ್ಕಾರದ್ದು, ಅದರ ಮುಂದಿನ ಖರ್ಚು ಅಣುಶಕ್ತಿ ಇಲಾಖೆಯ ಮೂಲಕ ನಮ್ಮೆಲ್ಲರ ತೆರಿಗೆಯಿಂದ. ಈಗ ದೇಶದ ಅಣು ವಿದ್ಯುತ್ ಸಾಮರ್ಥ್ಯವನ್ನು 2047ರೊಳಗೆ 100 ಗಿಗಾವಾಟಿಗೆ ಏರಿಸುವ ಗುರಿಯನ್ನು 2025ರ ಬಜೆಟ್ಟಿನಲ್ಲಿ ಘೋಷಿಸಲಾಗಿದೆ. ಈಗಿರುವುದು ಅದರ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಇಪ್ಪತ್ತು ಪೈಸೆಯೋ ಹತ್ತು ಪೈಸೆಯೋ, ವಿಲೇವಾರಿಗೆಂದೇ ಒಂದು ಸಾಲು ನಮ್ಮ ದರದಲ್ಲಿ ಕಾಣಬೇಕು, ಆ ಹಣ ಬಜೆಟ್ಟಿನ ಹೊಳೆಯಲ್ಲಿ ಕರಗದೆ ಬೇರೆಯೇ ನಿಲ್ಲಬೇಕು ಎಂದು ಕೇಳಲು ಇದು ತಕ್ಕ ಕಾಲ. ರಿಯಾಕ್ಟರುಗಳು ಓಡಿ ಮುಗಿದ ಮೇಲೆ ಕೇಳಿ ಪ್ರಯೋಜನವಿಲ್ಲ.

ಹುಗಿಯುವ ಜಾಗದ ಮಾತು ನಮ್ಮ ರಾಜ್ಯಕ್ಕೆ ಹೊಸದಲ್ಲ. 1980ರ ದಶಕದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದವರು ಕೋಲಾರದ ಚಿನ್ನದ ಗಣಿಯ ಬಳಕೆಯಿಲ್ಲದ ಒಂದು ಭಾಗದಲ್ಲಿ, ಸುಮಾರು ಒಂದು ಕಿಲೋಮೀಟರ್ ಆಳದಲ್ಲಿ, ಬಂಡೆಗೆ ವಿದ್ಯುತ್ ಹೀಟರ್ ಇಳಿಸಿ ವರ್ಷಗಟ್ಟಲೆ ಬಿಸಿ ಮಾಡಿ, ಅದು ಹೇಗೆ ಹಿಗ್ಗುತ್ತದೆ, ಬಿರುಕು ಬಿಡುತ್ತದೆಯೇ ಎಂದು ಅಳೆದರು. ತ್ಯಾಜ್ಯ ಅಲ್ಲಿಗೆ ಬರಲಿಲ್ಲ, ಅದು ಹೀಟರಿನ ಪ್ರಯೋಗ ಮಾತ್ರ. 2012ರ ನವೆಂಬರಿನಲ್ಲಿ, ತಮಿಳುನಾಡಿನ ಕೂಡಂಕುಳಂ ಅಣು ಸ್ಥಾವರದ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ ನಡೆಯುತ್ತಿದ್ದಾಗ, ಅಲ್ಲಿನ ತ್ಯಾಜ್ಯ ಕೆಜಿಎಫ್‌ಗೆ ಬರುತ್ತದೆ ಎಂಬ ಸುದ್ದಿ ಹಬ್ಬಿ ಜನ ಬೀದಿಗಿಳಿದರು. ಅಂಥ ಯೋಜನೆಯಿಲ್ಲ ಎಂದು ಸರ್ಕಾರ ಸ್ಪಷ್ಟಪಡಿಸಿತು. ವಿಜ್ಞಾನದ ಕಣ್ಣಿನಿಂದಲೂ ಹಳೆಯ ಗಣಿ ಒಳ್ಳೆಯ ಜಾಗವಲ್ಲ: ನೂರಿಪ್ಪತ್ತು ವರ್ಷ ಅಗೆದು ಜರಡಿಯಾದ ಬಂಡೆ, ಬಂಡೆ ಸಿಡಿತದ ಇತಿಹಾಸ, 2001ರಲ್ಲಿ ಗಣಿ ಮುಚ್ಚಿದ ಮೇಲೆ ತುಂಬಿಕೊಂಡ ನೀರು. ಬೇಕಾದದ್ದು ಯಾರೂ ಮುಟ್ಟದ, ನೀರು ಹರಿಯದ ಗಟ್ಟಿ ಬಂಡೆ.

ಆದರೂ ಕೆಜಿಎಫ್‌ನ ಜನ ಅಂದು ಅಷ್ಟು ಬೇಗ ಸಿಡಿದೆದ್ದದ್ದು ಬರೀ ಗಾಳಿಸುದ್ದಿಯಿಂದಲ್ಲ. ಅವರ ಮನೆಗಳ ಪಕ್ಕದಲ್ಲೇ ಸೈನೈಡ್ ದಿಬ್ಬಗಳಿವೆ. ಅರೆದು ಚಿನ್ನ ತೆಗೆದ ಮೇಲೆ ಸುರಿದ ಕಲ್ಲುಪುಡಿಯ ಗುಡ್ಡಗಳು ಅವು. ಚಿನ್ನ ಮೊದಲು ಇಂಗ್ಲೆಂಡಿಗೆ, ಆಮೇಲೆ ದೇಶದ ಖಜಾನೆಗೆ ಹೋಯಿತು. ದಿಬ್ಬಗಳನ್ನು ತೆರವು ಮಾಡಲು ಯಾರೂ ಇಡುಗಂಟು ಇಟ್ಟಿರಲಿಲ್ಲ. ಬೇಸಿಗೆಯಲ್ಲಿ ಗಾಳಿ ಎದ್ದಾಗ ಆ ಪುಡಿ ಇವತ್ತಿಗೂ ಹಾರಿ ಬಂದು ಅಂಗಳದಲ್ಲಿ ಒಣಹಾಕಿದ ಬಟ್ಟೆಯ ಮೇಲೆ ಕೂರುತ್ತದೆ.